429 ಕೋಟಿ ದಾಟಿದ ಈ ಸಂಖ್ಯೆ ಅವಿಭಾಜ್ಯವೇ?

ಪ್ರಶ್ನೆ: 32 ಬಿಟ್‌ಗಳಲ್ಲಿ ಒಟ್ಟು 4,29,49,67,296 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು ಎಂದು ಕಂಪ್ಯೂಟರ್ ತರಗತಿಯಲ್ಲಿ ಕಲಿತೆ. ಇದಕ್ಕೆ ಒಂದು ಸೇರಿಸಿದರೆ ಬರುವ 4,29,49,67,297 ಅವಿಭಾಜ್ಯ ಸಂಖ್ಯೆಯೇ? ನೂರರೊಳಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದೆ. ಯಾವುದರಿಂದಲೂ ಭಾಗವಾಗಲಿಲ್ಲ.

ಉತ್ತರ: ಅಲ್ಲ. ಅದು 641 × 67,00,417. ನೀವು ಸ್ವಲ್ಪ ಬೇಗ ನಿಲ್ಲಿಸಿದಿರಿ, ಅಷ್ಟೇ. ನೂರರೊಳಗೆ 25 ಅವಿಭಾಜ್ಯಗಳಿವೆ. 641 ಬರುವುದು 116ನೆಯದಾಗಿ.

ಈ ಸಂಖ್ಯೆಯನ್ನು ಅವಿಭಾಜ್ಯ ಎಂದು ನಂಬಿದವರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಕೂಡ ಒಬ್ಬ. 3, 5, 17, 257, 65,537 ಇವೆಲ್ಲ ಅವಿಭಾಜ್ಯಗಳು. ಪ್ರತಿ ಸಲವೂ ಹಿಂದಿನದರಲ್ಲಿ ಒಂದು ಕಳೆದು, ವರ್ಗ ಮಾಡಿ, ಮತ್ತೆ ಒಂದು ಕೂಡಿಸಿದರೆ ಮುಂದಿನದು ಸಿಗುತ್ತದೆ. ಈ ಸಾಲು ಹೀಗೇ ಮುಂದುವರಿಯುತ್ತದೆ ಎಂದು ಅವನು 1640ರಲ್ಲಿ ಊಹಿಸಿದ. ಸಾಲಿನಲ್ಲಿ ಮುಂದಿನದೇ ನಿಮ್ಮ ಸಂಖ್ಯೆ! 1732ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ 641 ಅನ್ನು ಹಿಡಿದು ಆ ಊಹೆಯನ್ನು ಬೀಳಿಸಿದ.

ಆಯ್ಲರ್ ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಕೂರಲಿಲ್ಲ. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಇದ್ದರೆ, ಅದು 64ರ ಯಾವುದಾದರೂ ಗುಣಕಕ್ಕೆ ಒಂದು ಸೇರಿಸಿದಂತೆ ಇರಲೇಬೇಕು ಎಂದು ತೋರಿಸಿದ. ಹಾಗಾದರೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು.

ಉತ್ತರ ಗೊತ್ತಾದ ಮೇಲೆ ಅದನ್ನು ತಾಳೆ ನೋಡಲು ಕ್ಯಾಲ್ಕುಲೇಟರ್ ಕೂಡ ಬೇಡ. 641 ಎಂದರೆ 5 × 2⁷ + 1. ಹಾಗಾಗಿ 5 × 2⁷ ಅನ್ನು 641ರಿಂದ ಭಾಗಿಸಿದರೆ ಶೇಷ −1 (ಪೂರ್ತಿ ಭಾಗವಾಗಲು ಒಂದು ಕಡಿಮೆ) ಎಂದುಕೊಳ್ಳಬಹುದು. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸, ಅದರ ಶೇಷ 1. ಈಗ ಇನ್ನೊಂದು ತಮಾಷೆ ನೋಡಿ: 625 + 16 ಕೂಡ 641, ಅಂದರೆ 5⁴ + 2⁴. ಆದ್ದರಿಂದ 5⁴ ಇರುವ ಜಾಗದಲ್ಲಿ −2⁴ ಹಾಕಿದರೂ ಶೇಷ ಬದಲಾಗುವುದಿಲ್ಲ. ಹಾಗೆ ಹಾಕಿದರೆ −2³²ರ ಶೇಷ 1 ಎಂದಾಗುತ್ತದೆ. 2³² + 1ರ ಶೇಷ ಸೊನ್ನೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ಬೇರೆ ಗುಣ. ಇದನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ರೀತಿ ಬರೆಯಬಹುದು: 65,536² + 1², ಮತ್ತೆ 62,264² + 20,449². ಅವಿಭಾಜ್ಯ ಸಂಖ್ಯೆಯನ್ನು ಹೀಗೆ ಒಂದಕ್ಕಿಂತ ಹೆಚ್ಚು ರೀತಿ ಬರೆಯಲು ಬರುವುದಿಲ್ಲ. ಒಂದೇ ಒಂದು ಅಪವರ್ತನ ಗೊತ್ತಿಲ್ಲದಿದ್ದರೂ ಇದು ಅವಿಭಾಜ್ಯವಲ್ಲ ಎಂದು ಹೇಳಲು ಇಷ್ಟು ಸಾಕು, ಅಲ್ವಾ?

64 ಬಿಟ್‌ಗಳಿಗೂ ಇದೇ ಪ್ರಶ್ನೆ ಕೇಳುವ ಯೋಚನೆ ನಿಮಗಿದ್ದರೆ: 2⁶⁴ + 1 ಕೂಡ ಅವಿಭಾಜ್ಯ ಅಲ್ಲ. 2,74,177ರಿಂದ ಭಾಗವಾಗುತ್ತದೆ. ಅದು ಪತ್ತೆಯಾಗಿದ್ದು 1855ರಲ್ಲಿ.