ಬಿಲ್ಲು ಮಾಡಲು ಈಗಷ್ಟೇ ಕಡಿದ ಹಸಿ ಮರ ಸೀಳದಂತೆ ಒಣಗಿಸುವುದು ಹೇಗೆ?

ಕಡಿದ ದಿನವೇ ಎರಡೂ ತುದಿಗೆ ಮರಗೆಲಸದ ಅಂಟನ್ನು ದಪ್ಪಗೆ ಬಳಿಯಿರಿ. ಕರಗಿಸಿದ ಮೇಣವಾದರೂ ಸರಿ. ಮರದ ನಾರು ಕೊಳವೆಗಳ ಕಟ್ಟಿನ ಹಾಗೆ, ಕೊಯ್ದ ತುದಿಯಿಂದ ನೀರು ಬೇಗ ಆರುತ್ತದೆ. ತುದಿ ಕುಗ್ಗುತ್ತದೆ, ಒಳಗಿನ್ನೂ ಹಸಿ. ಅಲ್ಲೇ ಸೀಳು ಬೀಳುವುದು. ‘ನಾಳೆ ಬಳಿದರಾಯ್ತು’ ಅಂದರೆ ಕೂದಲೆಳೆಯಂಥ ಗೆರೆ ಕಾಣುತ್ತದೆ, ಅದು ಒಳಗೆ ಎಷ್ಟುದ್ದ ಹೋಗಿದೆಯೋ ಗೊತ್ತಾಗಲ್ಲ.

ಆಮೇಲೆ ಬೆಣೆ ಹೊಡೆದು ಉದ್ದಕ್ಕೆ ಸೀಳಿ. ತೊಗಟೆ ತೆಗೆದರೆ ಅದರಡಿಯ ಮೈಗೂ ಅಂಟು ಬೇಕು. ಬಿಲ್ಲಿನ ಬೆನ್ನು, ಅಂದರೆ ಗುರಿಯ ಕಡೆಗಿರುವ ಹೊರಮೈ, ಅದೇ ಅಲ್ವಾ! ನೆರಳಲ್ಲಿ, ಗಾಳಿಯಾಡುವ ಕಡೆ, ನೆಲಕ್ಕೆ ತಾಗದಂತೆ ಇಡಿ.

ಒಣಗಿತೇ ಅಂತ ಸುಮ್ನೆ ಊಹಿಸಬೇಡಿ. ವಾರಕ್ಕೊಮ್ಮೆ ತೂಗಿ, ಆ ತುಂಡಿನ ಮೇಲೇ ಪೆನ್ಸಿಲಿನಲ್ಲಿ ಬರೆದಿಡಿ. ತೂಕ ಇಳಿಯುವುದು ನಿಲ್ಲಲು ತಿಂಗಳುಗಳೇ ಬೇಕು, ದಪ್ಪ ತುಂಡಾದರೆ ವರ್ಷಕ್ಕೂ ಜಾಸ್ತಿ. ತೇವ ಶೇ. 8ರಿಂದ 10ಕ್ಕೆ ಬಂದರೆ ಬಾಗಿಸಲು ಶುರು ಮಾಡಬಹುದು.