ಓದುಗರ ಪ್ರಶ್ನೆ: ಮನೆಮಂದಿಯೆಲ್ಲ ಹತ್ತುವ ಗಾಡಿಗೆ ಎಂಥ ವಿಮೆ?

ಪ್ರಶ್ನೆ: ನಮ್ಮದು ಕೂಡು ಕುಟುಂಬ. ತಂದೆ-ತಾಯಿ, ನಾವು ಇಬ್ಬರು ಅಣ್ಣತಮ್ಮಂದಿರು, ನಮ್ಮ ಹೆಂಡಿರು ಮಕ್ಕಳು ಸೇರಿ ಒಂಬತ್ತು ಮಂದಿ ಇದ್ದೇವೆ. ಮಂತ್ರಾಲಯ, ಹುಲಿಗಿ, ತಿರುಪತಿಗೆ ಹೊರಡುವಾಗ ಅನುಕೂಲವಾಗಲೆಂದು ಹೊಸಪೇಟೆಯ ಪರಿಚಿತರೊಬ್ಬರಿಂದ ಆರು ವರ್ಷ ಹಳೆಯದಾದ ಎಂಟು ಸೀಟಿನ ಡೀಸೆಲ್ ಇನ್ನೋವಾ ಕ್ರಿಸ್ಟಾ ಕೊಂಡಿದ್ದೇವೆ. ಅದರ ಫುಲ್ ಇನ್ಶೂರೆನ್ಸ್ ಮುಗಿಯಲು ಇನ್ನೂ ನಾಲ್ಕು ತಿಂಗಳಿದ್ದು, ಶೇ 50ರ ನೋ ಕ್ಲೇಮ್ ಬೋನಸ್ ನಿಮಗೇ ಬರುತ್ತದೆ ಎಂದು ಮಾರಿದವರು ಹೇಳುತ್ತಾರೆ. ಹಳೆಯ ಗಾಡಿಗೆ ಥರ್ಡ್ ಪಾರ್ಟಿ ಸಾಕು ಎಂದು ಒಬ್ಬ ಏಜೆಂಟರೂ, ಗಾಡಿಯ ಬೆಲೆಯನ್ನು ಕಡಿಮೆ ತೋರಿಸಿ ಅಗ್ಗವಾಗಿ ಫುಲ್ ಇನ್ಶೂರೆನ್ಸ್ ಮಾಡಿಸುತ್ತೇನೆ ಎಂದು ಇನ್ನೊಬ್ಬರೂ ಹೇಳುತ್ತಿದ್ದಾರೆ. ಯಾರ ಮಾತು ಕೇಳಬೇಕು? ಮದುವೆ ಮುಂಜಿಗೆ ಬಂಧುಗಳು ಗಾಡಿ ಕೇಳುತ್ತಾರೆ, ಡೀಸೆಲ್ ಜೊತೆಗೆ ಸ್ವಲ್ಪ ಹಣವನ್ನೂ ಕೊಡುತ್ತೇವೆ ಎನ್ನುತ್ತಾರೆ. ಅದರಿಂದ ವಿಮೆಗೆ ತೊಂದರೆ ಆಗುತ್ತದೆಯೇ?
— ಓದುಗರು, ಬಳ್ಳಾರಿ

ಉತ್ತರ: ಏಜೆಂಟರ ಮಾತಿಗೆ ಬರುವ ಮೊದಲು ತುರ್ತಾಗಿ ಆಗಬೇಕಾದ ಕೆಲಸವೊಂದಿದೆ. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ, ಗಾಡಿ ಕೈಬದಲಾದ 14 ದಿನಗಳೊಳಗೆ ಕೊಂಡವರು ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಎದುರಿನವರಿಗೆ ಆಗುವ ಹಾನಿಯ ಮಟ್ಟಿಗೆ, ಅಂದರೆ ಥರ್ಡ್ ಪಾರ್ಟಿ ಭಾಗದಲ್ಲಿ, ಹಳೆಯ ಪಾಲಿಸಿ ತಾನಾಗಿಯೇ ಗಾಡಿಯೊಡನೆ ಬರುತ್ತದೆ. ಆದರೆ ಫುಲ್ ಇನ್ಶೂರೆನ್ಸ್‌ನಲ್ಲಿ ಅದರ ಜೊತೆಗಿರುವ, ನಿಮ್ಮ ಗಾಡಿಗೇ ಆಗುವ ಹಾನಿಯ ಭಾಗ ಹಾಗೆ ಬರುವುದಿಲ್ಲ. ಪಾಲಿಸಿ ಇನ್ನೂ ಮಾರಿದವರ ಹೆಸರಿನಲ್ಲೇ ಇರುವಾಗ ಬಂಪರೋ ಬಾಗಿಲೋ ಜಖಂ ಆದರೆ, ಗಾಡಿ ಅವರದಲ್ಲ, ಪಾಲಿಸಿ ನಿಮ್ಮದಲ್ಲ ಎಂಬ ಕಾರಣಕ್ಕೆ ಇಬ್ಬರಿಗೂ ಹಣ ಸಿಗದೆ ಹೋಗಬಹುದು. ಆರ್‌ಸಿ ವರ್ಗಾವಣೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕಾಯುತ್ತ ಈ ಕೆಲಸವನ್ನು ಮರೆಯುವವರೇ ಹೆಚ್ಚು.

ನೋ ಕ್ಲೇಮ್ ಬೋನಸ್ ನಿಮಗೇ ಬರುತ್ತದೆ ಎಂಬ ಮಾತು ಸರಿಯಲ್ಲ. ಕ್ಲೇಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ಈ ರಿಯಾಯಿತಿ ಸೇರುವುದು ಮಾಲೀಕರಿಗೆ, ಗಾಡಿಗಲ್ಲ. ಮಾರಿದವರು ತಮ್ಮ ಕಂಪನಿಯಿಂದ ಅದರ ಪ್ರಮಾಣಪತ್ರ ಪಡೆದು ಮೂರು ವರ್ಷಗಳೊಳಗೆ ಕೊಳ್ಳುವ ಬೇರೆ ಕಾರಿಗೆ ಬಳಸಿಕೊಳ್ಳಬಹುದು. ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡುವಾಗ ಉಳಿದ ನಾಲ್ಕು ತಿಂಗಳಿಗೆ ಸಿಕ್ಕಿದ್ದ ರಿಯಾಯಿತಿಯಷ್ಟನ್ನು ಕಂಪನಿ ನಿಮ್ಮಿಂದ ವಸೂಲು ಮಾಡುತ್ತದೆ. ಇದೇ ನಿಯಮ ನಿಮಗೂ ಲಾಭ ತರಬಹುದು. ಅಣ್ಣತಮ್ಮಂದಿರಲ್ಲಿ ಯಾರಾದರೂ ಕಳೆದ ಮೂರು ವರ್ಷಗಳೊಳಗೆ ತಮ್ಮ ಹೆಸರಿನ ಕಾರನ್ನು ಮಾರಿದ್ದು, ಅದರ ಬೋನಸ್ ಬಳಕೆಯಾಗದೆ ಉಳಿದಿದ್ದರೆ, ಇನ್ನೋವಾವನ್ನು ಅವರ ಹೆಸರಿಗೆ ಮಾಡಿಸಿದಾಗ ಆ ಬೋನಸ್ ಇದಕ್ಕೆ ಸಿಗುತ್ತದೆ. ಮನೆಯ ಹಿರಿಯರೆಂದು ತಂದೆಯವರ ಹೆಸರಿಗೆ ಆರ್‌ಸಿ ಮಾಡಿಸುವುದು ನಮ್ಮ ಕಡೆ ರೂಢಿಯಾಗಿದ್ದರೂ, ವಿಮೆಯ ದೃಷ್ಟಿಯಿಂದ ಹೆಚ್ಚಾಗಿ ಗಾಡಿ ಓಡಿಸುವವರ, ಲೈಸೆನ್ಸ್ ಇರುವವರ ಹೆಸರಿನಲ್ಲಿರುವುದೇ ಮೇಲು. ಮಾಲೀಕ-ಚಾಲಕರಿಗೆಂದು ಕಡ್ಡಾಯವಾಗಿರುವ 15 ಲಕ್ಷ ರೂಪಾಯಿಯ ಅಪಘಾತ ವಿಮೆ, ಲೈಸೆನ್ಸ್ ಇಲ್ಲದ ಮಾಲೀಕರಿಗೆ ಅನ್ವಯಿಸುವುದಿಲ್ಲ. ಅಷ್ಟೇ ಮೊತ್ತದ ಅಪಘಾತ ವಿಮೆ ನಿಮಗೆ ಈಗಾಗಲೇ ಬೇರೆ ಇದ್ದರೆ ಅದನ್ನು ತೋರಿಸಿ ಈ ಖರ್ಚನ್ನು ಬಿಡಬಹುದು. 2019ರಿಂದ ಅದಕ್ಕೆ ಅವಕಾಶವಿದ್ದರೂ ಏಜೆಂಟರು ಸಾಮಾನ್ಯವಾಗಿ ತಾವಾಗಿ ಹೇಳುವುದಿಲ್ಲ.

ಇನ್ನು ದರದ ಲೆಕ್ಕ. ಪ್ರೀಮಿಯಂ ಎಂದು ಒಟ್ಟಾಗಿ ಹೇಳುವ ಮೊತ್ತದಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ಥರ್ಡ್ ಪಾರ್ಟಿಯ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಎಂಜಿನ್ನಿನ ಗಾತ್ರವೇ ಹೊರತು ಸೀಟುಗಳಲ್ಲ. 2022ರ ಜೂನ್ 1ರಂದು ಜಾರಿಗೆ ಬಂದ ದರದಂತೆ ಸ್ವಂತ ಬಳಕೆಯ ಕಾರಿಗೆ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ಮೇಲ್ಪಟ್ಟರೆ 7,897 ರೂಪಾಯಿ. ನಿಮ್ಮದು 2393 ಸಿಸಿ ಆದುದರಿಂದ 7,897 ರೂಪಾಯಿಗೆ ಶೇ 18ರ ಜಿಎಸ್‌ಟಿ ಸೇರಿ ಸುಮಾರು 9,318 ರೂಪಾಯಿ ಕೊಡಲೇಬೇಕು. ಯಾವ ಕಂಪನಿಗೆ ಹೋದರೂ ಇದರಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದು. ಚೌಕಾಶಿಗೆ ಜಾಗ ಇರುವುದು ಎರಡನೆಯ ಭಾಗದಲ್ಲಿ, ಅಂದರೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ. 2007ರಿಂದ ಈ ದರವನ್ನು ಕಂಪನಿಗಳ ಇಚ್ಛೆಗೆ ಬಿಟ್ಟಿರುವುದರಿಂದ, ಒಂದೇ ಗಾಡಿಗೆ ಒಂದು ಕಂಪನಿಯ ದರಕ್ಕೂ ಇನ್ನೊಂದರ ದರಕ್ಕೂ ಸಾವಿರಗಟ್ಟಲೆ ಅಂತರವಿರುವುದು ಸಹಜ. ನಾಲ್ಕು ಸರ್ಕಾರಿ ಸ್ವಾಮ್ಯದ ಕಂಪನಿಗಳಲ್ಲಿ ಕನಿಷ್ಠ ಎರಡರಿಂದ ಮತ್ತು ಒಂದೆರಡು ಖಾಸಗಿ ಕಂಪನಿಗಳಿಂದ ಕೊಟೇಶನ್ ಪಡೆಯಿರಿ. ಗಾಡಿಯ ವಿಮಾ ಮೌಲ್ಯ, ಅಂದರೆ ಐಡಿವಿ, ಎಲ್ಲ ಕೊಟೇಶನ್‌ಗಳಲ್ಲೂ ಒಂದೇ ಇದೆಯೇ ಎಂದು ನೋಡದೆ ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ. ಬೆಂಗಳೂರಿನಂಥ ಎಂಟು ಮಹಾನಗರಗಳನ್ನು ಬಿಟ್ಟು ಉಳಿದ ಊರುಗಳ ಗಾಡಿಗಳಿಗೆ ಮೂಲ ದರವೇ ತುಸು ಕಡಿಮೆ ಎಂಬುದು ಬಳ್ಳಾರಿಯವರಿಗಿರುವ ಸಣ್ಣ ಅನುಕೂಲ.

ಥರ್ಡ್ ಪಾರ್ಟಿ ಸಾಕು ಎಂಬ ಸಲಹೆಯನ್ನು ನಿಮ್ಮ ಮನೆಯ ಮಟ್ಟಿಗೆ ನಾನು ಒಪ್ಪುವುದಿಲ್ಲ. ಹಳೆಯ ಗಾಡಿಗೆ ಹೆಚ್ಚು ಹಣ ಏಕೆ ಎಂಬ ಅವರ ವಾದ ತಗಡಿನ ಬೆಲೆಯನ್ನಷ್ಟೇ ನೋಡುತ್ತದೆ. ಕಾಯ್ದೆಗೆ ಬೇಕಾದಷ್ಟೇ ರಕ್ಷಣೆ ಕೊಡುವ ಪಾಲಿಸಿಯು ಖಾಸಗಿ ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರನ್ನು ಒಳಗೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಫುಲ್ ಇನ್ಶೂರೆನ್ಸ್ ಎಂದು ನಾವು ಕರೆಯುವ ಪ್ಯಾಕೇಜ್ ಪಾಲಿಸಿ ಇದ್ದರೆ ಕಾರಿನಲ್ಲಿ ಕೂತವರ ವಿಷಯದಲ್ಲೂ ಕಂಪನಿಯ ಹೊಣೆ ಇರುತ್ತದೆ ಎಂಬುದನ್ನು 2012ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆಫೀಸಿಗೆ ಒಬ್ಬರೇ ಹೋಗಿಬರುವ ಹಳೆಯ ಸಣ್ಣ ಕಾರಿಗೆ ಥರ್ಡ್ ಪಾರ್ಟಿಯಷ್ಟೇ ಮಾಡಿಸುವುದು ಒಪ್ಪಬಹುದಾದ ಲೆಕ್ಕ. ಅಪ್ಪ-ಅಮ್ಮ, ಸೊಸೆಯಂದಿರು, ಮೊಮ್ಮಕ್ಕಳು ಒಟ್ಟಿಗೆ ಕೂತು ರಾತ್ರಿಯಿಡೀ ತಿರುಪತಿಗೆ ಸಾಗುವ ಗಾಡಿಯಲ್ಲಿ ಆ ಲೆಕ್ಕ ಹೊಂದುವುದಿಲ್ಲ. ಇದರ ಜೊತೆಗೆ, ಹೆಸರು ನಮೂದಿಸದ ಪ್ರಯಾಣಿಕರಿಗೆ ತಲಾ 2 ಲಕ್ಷ ರೂಪಾಯಿವರೆಗಿನ ಅಪಘಾತ ವಿಮೆಯನ್ನು ಸೇರಿಸಿಕೊಳ್ಳಲು ಬರುತ್ತದೆ. ಹಳೆಯ ದರಪಟ್ಟಿಯ ಪ್ರಕಾರ ಒಬ್ಬರಿಗೆ ಲಕ್ಷಕ್ಕೆ 50 ರೂಪಾಯಿಯಷ್ಟೇ ಆಗುವ ಈ ಖರ್ಚನ್ನು ಉಳಿಸಲು ಹೋಗಬೇಡಿ.

ಗಾಡಿಯ ಬೆಲೆಯನ್ನು ಕಡಿಮೆ ತೋರಿಸುವ ಎರಡನೆಯ ಏಜೆಂಟರ ಉಪಾಯವೂ ಸರಿಯಿಲ್ಲ. ಐದು ವರ್ಷ ದಾಟಿದ ಗಾಡಿಯ ಐಡಿವಿಯನ್ನು ನೀವೂ ಕಂಪನಿಯೂ ಮಾತನಾಡಿ ಗೊತ್ತುಮಾಡಬೇಕಾದುದರಿಂದ ಅವರಿಗೆ ಆಡಲು ಜಾಗ ಸಿಕ್ಕಿದೆ. 10 ಲಕ್ಷ ರೂಪಾಯಿ ಐಡಿವಿಗೆ ಸ್ವಂತ ಹಾನಿಯ ಪ್ರೀಮಿಯಂ 16,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅದನ್ನು 8 ಲಕ್ಷಕ್ಕೆ ಇಳಿಸಿದರೆ ಉಳಿಯುವುದು 3,200 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಗಾಡಿ ಕಳುವಾದರೆ ಕೈಬಿಡುವುದು 2 ಲಕ್ಷ. ಅಷ್ಟೇ ಅಲ್ಲ, ರಿಪೇರಿಯ ಖರ್ಚು ಐಡಿವಿಯ ಶೇ 75ನ್ನು ಮೀರಿದರೆ ಗಾಡಿ ಪೂರ್ತಿ ಹಾಳಾಯಿತೆಂದು ಪರಿಗಣಿಸಲಾಗುತ್ತದೆ. ಐಡಿವಿ 10 ಲಕ್ಷವಿದ್ದಾಗ ಏಳು ಲಕ್ಷದ ರಿಪೇರಿಯನ್ನು ಮಾಡಿಸಬಹುದಾಗಿದ್ದ ಗಾಡಿ, 8 ಲಕ್ಷವಿದ್ದಾಗ ಗುಜರಿಯ ಲೆಕ್ಕಕ್ಕೆ ಹೋಗುತ್ತದೆ. ಮಾರುಕಟ್ಟೆಯಲ್ಲಿ ಈಗ ನಿಮ್ಮ ಗಾಡಿಗೆ ಎಷ್ಟು ಬೆಲೆ ಇದೆಯೋ ಅದರ ಹತ್ತಿರದ ಮೊತ್ತವನ್ನೇ ಬರೆಸಿ.

ಹಾಗಾದರೆ ಉಳಿತಾಯ ಎಲ್ಲಿ? ನನ್ನ ಅಭಿಪ್ರಾಯದಲ್ಲಿ ದೊಡ್ಡ ಗಾಡಿಯವರಿಗೆ ನಿಜವಾದ ಉಳಿತಾಯ ಬರುವುದು ಸಣ್ಣಪುಟ್ಟ ಹಾನಿಗೆ ಕ್ಲೇಮ್ ಮಾಡದೇ ಇರುವುದರಿಂದ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50 ಹೀಗೆ ಬೋನಸ್ ಏರುತ್ತದೆ. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಸಂಡೂರು-ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಯ ಹಿಂದೆ ಹೋಗುವಾಗ ಕಲ್ಲು ಸಿಡಿದು ಮುಂಗಾಜು ಬಿರುಕು ಬಿಡುವುದು ಈ ಭಾಗದವರಿಗೆ ಗೊತ್ತಿರುವ ಕಥೆ. ಗಾಜಿಗೆ ಸವಕಳಿ, ಅಂದರೆ ಭಾಗ ಹಳೆಯದಾದುದಕ್ಕೆ ಇಳಿಸುವ ಬೆಲೆ, ಕಳೆಯುವುದಿಲ್ಲವಾದ್ದರಿಂದ, 12,000 ರೂಪಾಯಿ ಬಿಲ್ ಆದರೆ ದೊಡ್ಡ ಎಂಜಿನ್ನಿನ ಗಾಡಿಗಳಿಗೆ ಮಾಲೀಕರೇ ಭರಿಸಬೇಕಾದ 2,000 ಕಳೆದು 10,000 ರೂಪಾಯಿ ಕೈಗೆ ಬರುತ್ತದೆ. ಸಂತೋಷವೇ. ಆದರೆ ಶೇ 50ರ ಬೋನಸ್ ತಲುಪಿದವರು ಮೇಲೆ ಹೇಳಿದ 16,000 ರೂಪಾಯಿಯ ಮೇಲೆ ಮುಂದಿನ ವರ್ಷ 8,000, ಅದರಾಚೆಯ ವರ್ಷಗಳಲ್ಲಿ 4,800, 4,000, 2,400, 800 ಹೀಗೆ ಒಟ್ಟು 20,000 ರೂಪಾಯಿ ಕಳೆದುಕೊಳ್ಳುತ್ತಾರೆ. ವರ್ಷ ಕಳೆದಂತೆ ಐಡಿವಿ ಇಳಿಯುವುದರಿಂದ ಇದು ಕೊಂಚ ತಗ್ಗಬಹುದಾದರೂ ಲೆಕ್ಕದ ದಿಕ್ಕು ಬದಲಾಗದು. ಬೋನಸ್ ಇನ್ನೂ ಸೊನ್ನೆಯಲ್ಲಿರುವ ಮೊದಲ ವರ್ಷ ಇದೇ ಗಾಜಿಗೆ ಕ್ಲೇಮ್ ಮಾಡುವುದು ಲಾಭಕರವೇ ಆಗಬಹುದು. ಆದ್ದರಿಂದ ಪ್ರತಿ ಸಲ ಲೆಕ್ಕ ಹಾಕಿಯೇ ನಿರ್ಧರಿಸಿ.

ಸಣ್ಣ ಹಾನಿಯನ್ನು ಹೇಗೂ ಕೈಯಿಂದ ಭರಿಸುವ ಮನಸ್ಸಿದ್ದರೆ, ಅದನ್ನು ಪಾಲಿಸಿಯಲ್ಲೇ ಬರೆಸಿ ರಿಯಾಯಿತಿ ಪಡೆಯಲು ದಾರಿಯಿದೆ. ಪ್ರತಿ ಕ್ಲೇಮಿನಲ್ಲಿ ಮೊದಲ 5,000 ಅಥವಾ 7,500 ರೂಪಾಯಿಯನ್ನು ನಾನೇ ಕೊಡುತ್ತೇನೆ ಎಂದು ಒಪ್ಪಿಕೊಂಡರೆ ಸ್ವಂತ ಹಾನಿಯ ಪ್ರೀಮಿಯಂ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂದು ಕೇಳಿ. ಕೆಲವೊಮ್ಮೆ ಕೆಲವು ನೂರು ರೂಪಾಯಿಗಷ್ಟೇ ಅದು ಸೀಮಿತವಾಗಿದ್ದು, ಒಪ್ಪಿಕೊಳ್ಳುವ ಹೊರೆಗೆ ತಕ್ಕುದಾಗಿರುವುದಿಲ್ಲ. ಬಂಪರ್ ಟು ಬಂಪರ್ ಎನ್ನುವ ಸವಕಳಿರಹಿತ ವಿಮೆಯನ್ನು ಸಾಮಾನ್ಯವಾಗಿ ಐದು ವರ್ಷದೊಳಗಿನ ಗಾಡಿಗಳಿಗೆ ಕೊಡುವುದರಿಂದ ನಿಮಗೆ ಆ ಚಿಂತೆ ಕಡಿಮೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನಿಮ್ಮದೇ ಎಂಬುದು ನೆನಪಿರಲಿ. ನಿಂತ ನೀರಿನಲ್ಲಿ ಎಂಜಿನ್ ಕೆಡುವುದಕ್ಕೆಂದು ಮಾರುವ ಹೆಚ್ಚುವರಿ ರಕ್ಷಣೆಯನ್ನು ಬಳ್ಳಾರಿ ಊರೊಳಗಿನವರು ಬಿಟ್ಟರೂ ನಡೆದೀತು. ಕಂಪ್ಲಿ, ಸಿರುಗುಪ್ಪದ ಕಡೆ ಹೊಳೆ ಹಳ್ಳಗಳ ದಂಡೆಯ ಊರುಗಳವರು ಅದನ್ನು ಯೋಚಿಸಬೇಕು. ಗಾಡಿ ಜಾತ್ರೆಗೂ ಮದುವೆಗೂ ಮಾತ್ರ ಹೊರಬಂದು ಉಳಿದ ದಿನ ಮನೆ ಮುಂದೆ ನಿಲ್ಲುವುದಾದರೆ, ಓಡಿದ ಕಿಲೋಮೀಟರಿಗೆ ತಕ್ಕಂತೆ ಕಟ್ಟುವ ಯೋಜನೆ ಇದೆಯೇ ಎಂದು ಕೇಳಿ. 2022ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು, ನಿಮ್ಮಂಥವರಿಗೆ ಹೇಳಿ ಮಾಡಿಸಿದಂತಿದೆ.

ಬಂಧುಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರುವುದು ಒಳ್ಳೆಯದು. ಪ್ರೀತಿಯಿಂದ ಪುಕ್ಕಟೆಯಾಗಿ ಕೊಟ್ಟು, ಓಡಿಸುವವರಿಗೆ ಸರಿಯಾದ ಲೈಸೆನ್ಸ್ ಇದ್ದರೆ ತೊಂದರೆಯಿಲ್ಲ. ಯಾರು ಓಡಿಸುತ್ತಾರೆ ಎಂಬುದರಿಂದ ಪ್ರೀಮಿಯಂ ಏರುವುದೂ ಇಲ್ಲ. ಹಣ ಪಡೆದರೆ ಅದು ಬಾಡಿಗೆ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಬಿಡಬಾರದೆಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಆ ಓಡಾಟದಲ್ಲಿ ಅಪಘಾತವಾದರೆ ಕಂಪನಿ ಕ್ಲೇಮ್ ತಿರಸ್ಕರಿಸುತ್ತದೆ, ಜೊತೆಗೆ ಪರ್ಮಿಟ್ ಇಲ್ಲದ್ದಕ್ಕೆ ಸಾರಿಗೆ ಇಲಾಖೆಯ ಕ್ರಮವೂ ಎದುರಾಗಬಹುದು. ನಿಮ್ಮ ಪತ್ರದಲ್ಲಿ ಇನ್ನೊಂದು ಸಂಗತಿ ಕಂಡಿತು: ಮನೆಯಲ್ಲಿ ಒಂಬತ್ತು ಜನ, ಗಾಡಿಯಲ್ಲಿ ಎಂಟು ಸೀಟು. ಮಿತಿ ಮೀರಿ ಜನರನ್ನು ತುಂಬಿದ್ದ ಬಸ್ಸೊಂದರ ಪ್ರಕರಣದಲ್ಲಿ, ವಿಮೆ ಇದ್ದಷ್ಟು ಜನರ ಸಂಖ್ಯೆಗಷ್ಟೇ ಕಂಪನಿಯ ಹೊಣೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಉಳಿದವರ ಪರಿಹಾರದ ಹೊರೆ ಮಾಲೀಕರ ತಲೆಗೆ ಬರುತ್ತದೆ.

ಪ್ರಶ್ನೆ: ನಮ್ಮ ಬೊಲೆರೊದ ವಿಮೆ ಮುಗಿದು ಎರಡು ತಿಂಗಳಾಯಿತು. ನಾಲ್ಕು ವರ್ಷದ ಬೋನಸ್ ಹೋಯಿತೇ?
— ಓದುಗರು, ಕೊಪ್ಪಳ

ಉತ್ತರ: ಹೋಗಿಲ್ಲ. ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸಿದರೆ ಬೋನಸ್ ಉಳಿಯುತ್ತದೆ. ಮಧ್ಯೆ ಬಿಟ್ಟುಹೋಗಿರುವುದರಿಂದ ಕಂಪನಿಯವರು ಗಾಡಿಯನ್ನು ಪರಿಶೀಲಿಸಿದ ನಂತರವೇ ಫುಲ್ ಇನ್ಶೂರೆನ್ಸ್ ಕೊಡುತ್ತಾರೆ. ಅಲ್ಲಿಯವರೆಗೆ ಗಾಡಿಯನ್ನು ರಸ್ತೆಗಿಳಿಸಬೇಡಿ. ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡವಿದೆ, ಮೂರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

ಪ್ರಶ್ನೆ: ಹೊಸ ಏಳು ಸೀಟಿನ ಕಾರು ಕೊಳ್ಳಬೇಕೆಂದಿದ್ದೇವೆ. ವಿಮೆಯ ಖರ್ಚು ಕಡಿಮೆ ಬರುವಂತೆ ಆಯ್ಕೆ ಮಾಡುವುದು ಹೇಗೆ?
— ಓದುಗರು, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೆ ಕಟ್ಟುವುದು 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ತೆರಿಗೆ ಬಿಟ್ಟು, 999 ಸಿಸಿಯ ಟ್ರೈಬರ್‌ಗೆ ಅದು 6,521 ರೂಪಾಯಿ, 1462 ಸಿಸಿಯ ಎರ್ಟಿಗಾಗೆ 10,640 ರೂಪಾಯಿ, 1500 ಸಿಸಿ ಮೀರಿದ ಯಾವುದೇ ಕಾರಿಗೆ 24,596 ರೂಪಾಯಿ. ಸೀಟು ಏಳೇ ಇದ್ದರೂ ಇಷ್ಟು ಅಂತರ ಬರುವುದು ಎಂಜಿನ್ನಿನಿಂದ. ಇಡೀ ಸಂಸಾರವನ್ನೂ ಸಾಮಾನನ್ನೂ ಹೊತ್ತು ದೂರ ಹೋಗುವವರಿಗೆ ಸಣ್ಣ ಎಂಜಿನ್ ಸಾಲದೇ ಹೋಗಬಹುದಾದ್ದರಿಂದ ವಿಮೆಯೊಂದನ್ನೇ ನೋಡಿ ಗಾಡಿ ಆರಿಸಬೇಡಿ. ಶೋರೂಂನವರು ಹೇಳಿದ ಕಂಪನಿಯಲ್ಲೇ ವಿಮೆ ಮಾಡಿಸಬೇಕೆಂಬ ನಿಯಮವಿಲ್ಲ, ಹೊರಗಿನ ಕೊಟೇಶನ್ ತೋರಿಸಿದರೆ ಅವರೇ ದರ ಇಳಿಸುವುದೂ ಉಂಟು. ಹಳೆಯ ಕಾರನ್ನು ಮಾರುವುದಿದ್ದರೆ, ಮಾರಾಟದ ಪತ್ರಗಳನ್ನು ತೋರಿಸಿ ಬೋನಸ್‌ನ ಪ್ರಮಾಣಪತ್ರ ಪಡೆದ ಮೇಲೆಯೇ ಹೊಸದರ ವಿಮೆಗೆ ಹಣ ಕಟ್ಟಿ.