ಕೋಲಿಗೆ ಕೋಲು ಬಡಿದರೆ ಅದು ಕೋಲಾಟ

ಪ್ರಶ್ನೆ: ನನಗೆ 36 ವರ್ಷ. ಫಿಲಿಪೀನ್ಸ್‌ನ ದೊಣ್ಣೆವರಸೆ ಕಲಿಯುವ ಆಸೆ. ಕಲಿಸುವವರು ಹತ್ತಿರದಲ್ಲಿ ಯಾರೂ ಇಲ್ಲ. ನಾಲ್ಕು ತಿಂಗಳಿಂದ ಎರಡು ಬೆತ್ತ ಹಿಡಿದು ವಿಡಿಯೊ ನೋಡಿಯೇ ಅಭ್ಯಾಸ ಮಾಡುತ್ತಿದ್ದೇನೆ. ಸಿನವಾಲಿ ಅನ್ನುವ ಎರಡು ಕೋಲಿನ ವರಸೆ ಈಗ ಕಣ್ಣು ಮುಚ್ಚಿಕೊಂಡೂ ಬರುತ್ತದೆ. ಆದರೆ ಗೆಳೆಯ ಎದುರು ನಿಂತು ತನಗೆ ತೋಚಿದಂತೆ ಬೀಸಿದರೆ ಎಲ್ಲ ಮರೆತುಹೋಗುತ್ತದೆ. ಇನ್ನೊಂದು, ಕೋಲು ಕಲಿತರೆ ಬರಿಗೈ ವರಸೆ ತಾನಾಗಿಯೇ ಬರುತ್ತದೆ ಅಂತ ವಿಡಿಯೊದವರು ಹೇಳುತ್ತಾರೆ. ನಿಜವೇ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಏಳು ವರ್ಷದ ಹಿಂದೆ ನಾನೇ ಬರೆದಿಟ್ಟ ಹಾಗಿತ್ತು. ನಾನೂ ಶುರು ಮಾಡಿದ್ದು ವಿಡಿಯೊ ನೋಡಿಯೇ. ಮೊದಲ ಮೂರು ವಾರ ಕಲಿತದ್ದೆಲ್ಲ ಉಲ್ಟಾ. ಕಲಿಸುವವರು ನಮ್ಮ ಕಡೆ ಮುಖ ಮಾಡಿ ನಿಂತಿರುತ್ತಾರೆ, ಅಲ್ವಾ? ಅವರ ಬಲಗೈ ಪರದೆಯ ಎಡಗಡೆ ಕಾಣುತ್ತದೆ. ನಾನು ಕೋಲನ್ನು ಬಲಗೈಯಲ್ಲೇ ಹಿಡಿದೆ, ಬೀಸಿದ್ದು ಮಾತ್ರ ಪರದೆಯಲ್ಲಿ ಕಂಡ ಹಾಗೆ ಎಡದಿಂದ. ಈ ವಿದ್ಯೆಯಲ್ಲಿ ಹೊಡೆತಗಳಿಗೆ ಸಂಖ್ಯೆ ಇದೆ, ಒಂದನೆಯದು ಬಲದಿಂದ, ಎರಡನೆಯದು ಎಡದಿಂದ. ಅವರ ಒಂದನೇ ಹೊಡೆತ ನನ್ನ ಎರಡನೇ ಹೊಡೆತವಾಯಿತು. ಎದುರು ನಿಲ್ಲಲು ಬಂದ ನನ್ನ ಭಾಮೈದ, "ಭಾವ, ನೀವು ಒಂದು ಅಂತ ಕೂಗಿ ಎರಡು ಹೊಡೀತಿದ್ದೀರಿ" ಅಂದಾಗಲೇ ಗೊತ್ತಾಗಿದ್ದು. ಅವತ್ತಿನಿಂದ ಹೊಸ ವರಸೆ ಕಲಿಯುವಾಗ ಬೆನ್ನ ಕಡೆಯಿಂದ ತೆಗೆದ ವಿಡಿಯೊ ಇದೆಯಾ ಅಂತ ಮೊದಲು ಹುಡುಕುತ್ತೇನೆ.

ಈಗ ನಿಮ್ಮ ಸಿನವಾಲಿಗೆ ಬರೋಣ. ಫಿಲಿಪೀನ್ಸ್‌ನಲ್ಲಿ ಬಿದಿರಿನ ಸೀಳು ಹೆಣೆದು ಮಾಡುವ ತಟ್ಟಿಗೆ ಸವಾಲಿ ಅನ್ನುತ್ತಾರೆ. ಎರಡು ಕೋಲುಗಳು ಒಂದರ ಮೇಲೊಂದು ಹಾಯುವುದು ಆ ಹೆಣಿಗೆಯ ಹಾಗೇ ಕಾಣುತ್ತದೆ, ಹೆಸರು ಬಂದದ್ದು ಅದರಿಂದ. ನೋಡಲು ಚೆಂದ, ಸದ್ದೂ ಚೆಂದ. ತೊಂದರೆ ಇರುವುದೂ ಅಲ್ಲೇ. ತಾಳ ಹಿಡಿದ ಮೇಲೆ ಕಣ್ಣು ಎದುರಿನವನ ಕೋಲನ್ನು ಹುಡುಕುತ್ತದೆ. ಆಳು ಎಲ್ಲಿದ್ದಾನೆ ಅನ್ನುವುದೇ ಮರೆತುಹೋಗುತ್ತದೆ. ಆಗ ಅದು ಕೋಲಾಟ.

ಹಳೆಯ ಪದ್ಧತಿಯಲ್ಲಿ ಹೊಡೆಯುತ್ತಿದ್ದದ್ದು ಎದುರಾಳಿಯ ಕೈಗೆ. ಕೈಗೆ ಏಟು ಬಿದ್ದರೆ ಆಯುಧ ಕೆಳಗೆ, ಜಗಳ ಮುಗಿಯಿತು. ಆದರೆ ಬೆರಳು ಊದಿಸಿಕೊಂಡು ದಿನಾ ಕಲಿಯಲು ಯಾರು ಬರುತ್ತಾರೆ? ಮಾಡರ್ನ್ ಆರ್ನಿಸ್ ಅನ್ನುವ ದೊಣ್ಣೆವರಸೆ ಪದ್ಧತಿ ರೂಪಿಸಿದ ರೆಮಿ ಪ್ರೆಸಾಸ್ ಅಭ್ಯಾಸದಲ್ಲಿ ಕೈಯ ಬದಲು ಕೋಲಿಗೆ ಹೊಡೆಯುವ ಕ್ರಮವನ್ನು ಮುಂದಿಟ್ಟರು. ಕಲಿಯುವವರು ಗಾಯವಿಲ್ಲದೆ ಉಳಿಯಲಿ ಅಂತ ಮಾಡಿದ್ದು ಅದು. ವಿಡಿಯೊ ನೋಡಿ ಕಲಿಯುವ ನಾವು ಅದನ್ನೇ ಗುರಿ ಅಂದುಕೊಂಡುಬಿಡುತ್ತೇವೆ.

ಒಂದು ಪರೀಕ್ಷೆ ಮಾಡಿ. ಇಬ್ಬರೂ ಗಟ್ಟಿಯಾದ ಕನ್ನಡಕ ಹಾಕಿಕೊಳ್ಳಿ. ಗೆಳೆಯನಿಗೆ ಕೋಲು ಎತ್ತದೆ ಸುಮ್ನೆ ನಿಲ್ಲಲು ಹೇಳಿ. ನೀವು ಸಿನವಾಲಿ ಆಡುವಷ್ಟೇ ದೂರದಲ್ಲಿ ನಿಂತು, ಆಮೆಯ ವೇಗದಲ್ಲಿ ಒಂದನೇ ಹೊಡೆತ ಬೀಸಿ, ಅವನ ಎಡ ಕಣತಲೆಯ ಹತ್ತಿರ ನಿಲ್ಲಿಸಿ. ತುದಿ ಅಲ್ಲಿಯವರೆಗೆ ಹೋಗುತ್ತದೆಯೇ? ನನ್ನದು ಒಂದು ಗೇಣು ಈಚೆಗೇ ಹಾದುಹೋಗುತ್ತಿತ್ತು. ಎರಡು ತಿಂಗಳು ನಾನು ಹೊಡೆದದ್ದು ಗಾಳಿಗೆ. ಒಂದು ಹೆಜ್ಜೆ ಮುಂದೆ ಹೋಗಿ ಇಬ್ಬರೂ ನಿಧಾನಕ್ಕೆ ಬೀಸಿದೆವು, ಈಗ ಭಾಮೈದನ ಕೋಲು ನನ್ನ ಬೆರಳ ಗಂಟಿಗೆ ಮುಟ್ಟಿತು. (ಅವನು ನಿಧಾನ ಅನ್ನುವ ಮಾತನ್ನು ನನ್ನಷ್ಟು ಗಂಭೀರವಾಗಿ ತಗೊಂಡಿರಲಿಲ್ಲ.) ಈ ಹೆಜ್ಜೆಯ ಲೆಕ್ಕವನ್ನು ಫಿಲಿಪಿನೋಗಳು ಲಾರ್ಗೊ, ಮೆದಿಯೊ, ಕೋರ್ತೊ ಅನ್ನುತ್ತಾರೆ: ದೂರ, ನಡು, ಹತ್ತಿರ. ವಿಡಿಯೊ ಈ ಮೂರನ್ನೂ ತೋರಿಸುತ್ತದೆ. ನೀವು ಯಾವುದರಲ್ಲಿ ನಿಂತಿದ್ದೀರಿ ಅಂತ ಅದು ಹೇಳಲಾರದು.

ಗೆಳೆಯ ತೋಚಿದಂತೆ ಬೀಸಿದಾಗ ಮರೆತುಹೋಗುವುದಕ್ಕೆ ಕಾರಣವೂ ಇದೇ ಜಾತಿಯದು. ಪರದೆಯಲ್ಲಿ ಮುಂದಿನ ಹೊಡೆತ ಯಾವುದು ಅಂತ ನಿಮಗೆ ಮೊದಲೇ ಗೊತ್ತು. ಫಿಲಿಪೀನ್ಸ್‌ನ ಸೆಬುವಿನಲ್ಲಿ 1952ರಲ್ಲಿ ವೆನಾನ್ಸಿಯೊ ಬೇಕನ್ ಶುರು ಮಾಡಿದ ಬಾಲಿಂತವಾಕ್ ಪದ್ಧತಿ ಇದೆಯಲ್ಲ, ಅದರಲ್ಲಿ ಗುರು ಒಂದೇ ಕೋಲು ಹಿಡಿದು ಶಿಷ್ಯನ ಮುಂದೆ ಹತ್ತಿರದಲ್ಲೇ ನಿಲ್ಲುತ್ತಾರೆ. ಯಾವ ಹೊಡೆತ ಯಾವಾಗ ಬರುತ್ತದೆ ಅಂತ ಶಿಷ್ಯನಿಗೆ ಗೊತ್ತಿರುವುದಿಲ್ಲ. ನೀವು ಗೆಳೆಯನ ಜೊತೆ ಮಾಡಬೇಕಾದ್ದು ಅದರ ಸಣ್ಣ ರೂಪ. ಎರಡೇ ಹೊಡೆತ, ಒಂದು ಮತ್ತು ಎರಡು, ಅವನಿಗೆ ಬೇಕಾದ ಕ್ರಮದಲ್ಲಿ, ನಿಧಾನಕ್ಕೆ. ಹತ್ತರಲ್ಲಿ ಎಂಟು ಸಲ ಸರಿಯಾಗಿ ತಡೆದ ಮೇಲೆ ಮೂರನೆಯದನ್ನು ಸೇರಿಸಿ. ಬೇಜಾರಿನ ಕೆಲಸ. ಸಿನವಾಲಿಯಷ್ಟು ಚೆಂದ ಕಾಣುವುದೂ ಇಲ್ಲ.

ಬರಿಗೈ ವಿಷಯ ಅರ್ಧ ನಿಜ. ಬಲದಿಂದ ಓರೆಯಾಗಿ ಬರುವ ಒಂದನೇ ಹೊಡೆತದ ದಾರಿಯಲ್ಲೇ ಅಂಗೈ ಏಟೂ ಬರುತ್ತದೆ, ಮೊಣಕೈಯೂ ಬರುತ್ತದೆ. ಕೋಲಿಲ್ಲದ ಎಡಗೈ ತಳ್ಳುವುದು, ಹಿಡಿಯುವುದು, ಒತ್ತುವುದು ಎಲ್ಲ ಕಲಿತಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಆದರೆ ಸುಮಾರು 28 ಇಂಚಿನ ಕೋಲು ಕೈಬಿಟ್ಟ ಮೇಲೆ ಅಷ್ಟು ದೂರವನ್ನು ಕಾಲು ತುಂಬಬೇಕು. ಕೈ ತಾನಾಗಿ ಬಂದೀತು, ಕಾಲು ಬರುವುದಿಲ್ಲ. ಹುಬುದ್ ಅನ್ನುವ ಜೋಡಿ ಅಭ್ಯಾಸವನ್ನು ವಿಡಿಯೊದಲ್ಲಿ ನೋಡಿರುತ್ತೀರಿ. ಒಬ್ಬರ ಹೊಡೆತವನ್ನು ಇನ್ನೊಬ್ಬರು ತಡೆದು, ದಾಟಿಸಿ, ಅದುಮಿ, ತಿರುಗಿ ಹೊಡೆಯುವುದು. ಅದನ್ನು ಒಬ್ಬರೇ ಗಾಳಿಯಲ್ಲಿ ಮಾಡಬೇಡಿ. ಅಲ್ಲಿ ಕಲಿಯುವುದು ಎದುರಿನ ತೋಳಿನ ಒತ್ತಡವನ್ನು. ತೋಳೇ ಇಲ್ಲದಿದ್ದರೆ ಕಲಿಯುವುದೇನು?

ಇನ್ನೊಂದು ಮಾತು. ಮೂರು ಗುರುಗಳ ವಿಡಿಯೊ ಕಲಸಬೇಡಿ. ಹೊಡೆತಗಳ ಸಂಖ್ಯೆ ಪದ್ಧತಿಯಿಂದ ಪದ್ಧತಿಗೆ ಬೇರೆ. ಮಾಡರ್ನ್ ಆರ್ನಿಸ್‌ನ 12 ಹೊಡೆತಗಳಲ್ಲಿ ಐದನೆಯದು ಹೊಟ್ಟೆಗೆ ಚುಚ್ಚುವುದು, ಹನ್ನೆರಡನೆಯದು ನಡುನೆತ್ತಿಗೆ. ಬೇರೆ ಕಡೆಯ ಏಳು ಇಲ್ಲಿಯ ಏಳಲ್ಲ. ಒಂದು ವರ್ಷ ಒಬ್ಬರನ್ನೇ ನೋಡಿ.

ಪ್ರಶ್ನೆ: ಕಾಲಿ, ಎಸ್ಕ್ರಿಮಾ, ಆರ್ನಿಸ್ ಬೇರೆ ಬೇರೆ ವಿದ್ಯೆಗಳೇ? ಬೆತ್ತದ ಬದಲು ಬಿದಿರು ಆಗಬಹುದೇ?

ಉತ್ತರ: ಮೂರೂ ಫಿಲಿಪೀನ್ಸ್‌ನ ಈ ದೊಣ್ಣೆವರಸೆಯ ಹೆಸರುಗಳೇ, ಹೆಸರಿನ ಜಗಳಕ್ಕೆ ನಾನು ಹೋಗುವುದಿಲ್ಲ. ಎಸ್ಕ್ರಿಮಾ ಅನ್ನುವುದು ಕತ್ತಿವರಸೆಯ ಸ್ಪ್ಯಾನಿಷ್ ಪದದಿಂದ ಬಂದದ್ದು. ಆರ್ನಿಸ್ ಕೂಡ ಸ್ಪ್ಯಾನಿಷ್ ಮೂಲದ್ದೇ. 2009ರಲ್ಲಿ ಫಿಲಿಪೀನ್ಸ್ ಕಾನೂನು ಮಾಡಿ ರಾಷ್ಟ್ರೀಯ ಸಮರಕಲೆ ಮತ್ತು ಕ್ರೀಡೆ ಅಂತ ಘೋಷಿಸಿದ್ದು ಆರ್ನಿಸ್ ಹೆಸರಿನಲ್ಲಿ. ಕಾಲಿ ಅನ್ನುವುದನ್ನು ಅಮೆರಿಕದಲ್ಲಿ ಜಾಸ್ತಿ ಕೇಳುತ್ತೀರಿ. ಪದ್ಧತಿಗಳಲ್ಲಿ ವ್ಯತ್ಯಾಸ ಇದೆ, ಆದರೆ ಅದು ಈ ಮೂರು ಹೆಸರಿನ ಗೆರೆಯ ಮೇಲೆ ಬೀಳುವುದಿಲ್ಲ.

ಬಿದಿರು ಬೇಡ. ಅದರ ಒಳಗೆ ಪೊಳ್ಳು, ಒಡೆದರೆ ಚೂಪು ಸೀಳಾಗುತ್ತದೆ. ಬೆತ್ತದ ಒಳಗೆ ನಾರು ತುಂಬಿರುತ್ತದೆ, ಸವೆದರೂ ಪೊರಕೆಯ ಹಾಗೆ ಎಳೆ ಬಿಡುತ್ತದೆ ಅಷ್ಟೇ. ಎಳೆ ಬಿಟ್ಟಲ್ಲಿ ಟೇಪು ಸುತ್ತಿ.

ಪ್ರಶ್ನೆ: ನನ್ನ 11 ವರ್ಷದ ಮಗಳು ವಿಡಿಯೊ ನೋಡಿ ತಮ್ಮನ ಜೊತೆ ಕೋಲು ಬೀಸುತ್ತಾಳೆ. ಬಿಡಬಹುದೇ?

ಉತ್ತರ: ಒಬ್ಬಳೇ ಬೀಸಲಿ, ಧಾರಾಳವಾಗಿ. ತಮ್ಮನ ಜೊತೆ ಬೇಡ. ಕ್ರೀಡೆಯಾಗಿ ಆಡುವವರೇ ತಲೆಗೆ, ಎದೆಗೆ ರಕ್ಷೆ ಕಟ್ಟಿಕೊಂಡು ಇಳಿಯುತ್ತಾರೆ. ಜೋಡಿ ಬೇಕೇ ಬೇಕು ಅಂದರೆ ಸ್ಪಂಜು ಸುತ್ತಿದ ಕೋಲು, ಕಣ್ಣಿಗೆ ಕನ್ನಡಕ, ಎದುರಿಗೆ ನೀವು. ಬೆರಳಿಗೆ ಬಿದ್ದರೆ ಅವಳನ್ನು ಬಯ್ಯಬೇಡಿ. ಅವಳು ಹಳೆಯ ಪದ್ಧತಿಯಲ್ಲೇ ಹೊಡೆದಿರುತ್ತಾಳೆ.